ಅವ್ವನ ಲೋಟದ ಗೋಪುರ

ಬೀದರ್ ಪಕ್ಕದ ಕೊಳಾರದ ಕಾರ್ಖಾನೆಗಳಿಗೆ ಹೋಗುವ ಲಾರಿ ಮನೆ ಮುಂದೆ ಹಾದರೆ ಸಾಕು, ಅಡುಗೆಮನೆಯ ಸ್ಟೀಲ್ ಲೋಟಗಳು ಕಿಣಿಕಿಣಿ ಎನ್ನುತ್ತವೆ. ಇವತ್ತು ಬೆಳಿಗ್ಗೆಯೂ ಎಂದವು. ನೀವಾಗಿದ್ದರೆ ಲಾರಿಗೆ ಬೈದು ಸುಮ್ಮನಾಗುತ್ತಿದ್ದಿರಿ. ನಾನು ಚಹಾದ ಕಪ್ಪು ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ನಲವತ್ತು ದಾಟಿದರೂ ಈ ಚಾಳಿ ಬಿಟ್ಟಿಲ್ಲ.

ಚಾಳಿ ನನ್ನ ತವರೂರು ಭಾತಂಬ್ರಾದ್ದು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ನೆಲ ನಡುಗಿತು. ನಮ್ಮದು ಕಲ್ಲು-ಮಣ್ಣಿನ ಗೋಡೆಯ ಮಾಳಿಗೆ ಮನೆ. ಎಲ್ಲರೂ ಅಂಗಳಕ್ಕೆ ಓಡಿದೆವು. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು, ಯಾಕೆಂದು ಇಂದಿಗೂ ಗೊತ್ತಿಲ್ಲ. ಅವ್ವ ಕೊರಳು ಮುಟ್ಟಿ ನೋಡಿಕೊಂಡಳು. ಪೂಜೆಯಾದ ಮೇಲೆ ಇಷ್ಟಲಿಂಗವನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟು ಕೆಲಸಕ್ಕೆ ಇಳಿಯುವುದು ಅವಳ ರೂಢಿ. "ಲಿಂಗ ಒಳಗ ಉಳೀತು" ಎಂದವಳೇ ತಿರುಗಿ ಒಳಗೆ ನುಗ್ಗಿದಳು. ಅಷ್ಟರಲ್ಲಿ ಇನ್ನೊಮ್ಮೆ ನಡುಗಿ ಗೂಡಿನ ಮೇಲಿನ ಕಲ್ಲು ಕಳಚಿತು. ಅವಳು ಧೂಳಿನೊಳಗಿಂದ ಹೊರಗೆ ಬಂದಳು. ಬಲಗೈ ಮುರಿದಿತ್ತು. ಲಿಂಗ ಎಡಗೈಯಲ್ಲಿತ್ತು.

"ಮೈಮ್ಯಾಲೇ ಇರ್ಲಿ ಅಂತ ಹಿರೇರು ಹೇಳಿದ್ರು. ನಾ ಗ್ವಾಡಿಗಿ ಕೊಟ್ಟು ಕೂತೆ" ಎಂದು ತನ್ನನ್ನೇ ಬೈದುಕೊಂಡಳು. ಅಂದಿನಿಂದ ಲಿಂಗ ಅವಳ ಕೊರಳು ಬಿಟ್ಟಿಲ್ಲ.

ಕೈ ಕೂಡುವ ಮೊದಲೇ ಅವ್ವ ಒಂದು ಯಂತ್ರ ಕಂಡುಹಿಡಿದಳು. ಬೋರಲು ಹಾಕಿದ ಲೋಟದ ಮೇಲೆ ಲೋಟ, ತುದಿಗೊಂದು ಚಂಬು. ನೆಲ ಅಲುಗಿದರೆ ಗೋಪುರ ಬೀಳಬೇಕು, ನಾವು ಓಡಬೇಕು. ಬೆಕ್ಕು ಬೀಳಿಸಿದಾಗಲೆಲ್ಲ ನಮ್ಮ ಹಿಂದೆ ಇಡೀ ಓಣಿ ಬಯಲಿಗೆ ಬರುತ್ತಿತ್ತು. ಬೆಕ್ಕನ್ನು ಮಾತ್ರ ಯಾರೂ ಬೈಯಲಿಲ್ಲ.

ಈಗ ಅವ್ವ ಬೀದರಿನಲ್ಲಿ ನಮ್ಮ ಜೊತೆಗಿದ್ದಾಳೆ. ಮೊಣಕಾಲು ಹಿಡಿದುಕೊಂಡಿವೆ. ಓಡುವ ಮಾತಿಲ್ಲ, ಕೂತಲ್ಲೇ ಸರಿದಾಡುತ್ತಾಳೆ. ಭಾಲ್ಕಿಯಲ್ಲಿ ನೆಲ ಸಣ್ಣಗೆ ಅಲುಗಿತೆಂದು ತಂಗಿ ಫೋನ್ ಮಾಡಿದ ದಿನದಿಂದ ನನಗೆ ಅವ್ವನದೇ ಚಿಂತೆ. ಅವಳ ಹಾಸಿಗೆಯ ಮೇಲಿನ ಅಟ್ಟದಿಂದ ಟ್ರಂಕು ಇಳಿಸಿದೆ. ಅಲಮಾರಿಯನ್ನು ಗೋಡೆಗೆ ಮೊಳೆ ಹೊಡೆಸಿ ಬಿಗಿಸಿದೆ. ಹಾಸಿಗೆಯ ಪಕ್ಕಕ್ಕೇ ಸಾಗವಾನಿ ಮೇಜು ಎಳೆದು ತಂದು, ನೆಲ ನಡುಗಿದರೆ ಅದರಡಿ ಕೂತು ಮೇಜಿನ ಕಾಲು ಹಿಡಿದುಕೊಳ್ಳಬೇಕೆಂದೆ.

"ಮನಿಯೊಳಗ ಕೂತು ಸಾಯ್ಲೇನು?"

"ಆ ಮನಿ ಮಣ್ಣಿಂದಿತ್ತವ್ವಾ, ಇದು ಕಂಬ ಹಾಕಿ ಕಟ್ಟಿದ್ದು. ನಡುಗೋವಾಗ ಓಡಿದ್ರ ತಲಿಮ್ಯಾಲ ಇಟ್ಟಿಗಿ, ಗಾಜು ಬೀಳ್ತಾವ. ನಡುಗೋದು ನಿಂತ ಮ್ಯಾಲ ಹೊರಗ ಹೋಗೋಣು."

ಅವಳು ಮೇಜಿನ ಕಾಲನ್ನೊಮ್ಮೆ ಅಲುಗಿಸಿ ನೋಡಿದಳು.

ಇವತ್ತು ಅಂಗಳದಲ್ಲಿ ನಿಂತು ಲಾರಿಯ ಬೆನ್ನು ನೋಡಿದಾಗ ಹೊಳೆಯಿತು: ಅವ್ವನನ್ನು ಒಳಗೇ ಬಿಟ್ಟು ಬಂದಿದ್ದೆ. ಲಿಂಗಕ್ಕಾಗಿ ತಿರುಗಿ ಹೋದವಳ ಮಗಳು ನಾನು! ನಾಚಿಕೆಯಿಂದ ಒಳಗೆ ಬಂದೆ. ಹಾಸಿಗೆ ಖಾಲಿಯಿತ್ತು. ಮೇಜಿನಡಿ, ತಲೆಯ ಮೇಲೆ ದಿಂಬು ಹೊತ್ತು, ಮೇಜಿನ ಕಾಲು ಹಿಡಿದು ಕೂತಿದ್ದಳು.

"ನಂಗ ಕಲಿಸಿ ನೀನೇ ಓಡಿದೇನು?"

"ಲಾರಿ ಅವ್ವಾ ಅದು."

"ಇರ್ಲಿ. ನೀ ಬರ್ತಿ ಅಂತ ಸರದು ಕೂತೇನಿ, ಬಾ."

ಕಪ್ಪನ್ನು ಕೆಳಗಿಟ್ಟು ಅವಳ ಪಕ್ಕ ತೂರಿಕೊಂಡೆ. ಅವ್ವ ಅರ್ಧ ದಿಂಬನ್ನು ನನ್ನ ತಲೆಯ ಮೇಲೆ ಎಳೆದಳು.