ಕೀಬೋರ್ಡಿನ ಗುರುತು

ಮೋಟೆಬೆನ್ನೂರಿನ ಮಹೇಶ್ವರಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣಿಸುವುದಿಲ್ಲ. ಬಾಯಿ ಮಾತ್ರ ಜೋರು. ಬ್ಯಾಡಗಿಯಲ್ಲಿ ಲಕ್ಕಪ್ಪನ ಅಂಗಡಿಯಲ್ಲಿ ಜನರ ಅರ್ಜಿ ಟೈಪು ಮಾಡುವುದು ಆಕೆಯ ಕೆಲಸ. ಒತ್ತಿದ್ದನ್ನೆಲ್ಲ ಕಂಪ್ಯೂಟರು ಕಿವಿಯಲ್ಲಿ ಓದಿ ಹೇಳುತ್ತದೆ, ಈಕೆಯ ಬೆರಳು ಓಡುತ್ತಲೇ ಇರುತ್ತದೆ.

ಪಕ್ಕದಲ್ಲೇ ಶೇಂಗಾ ಗೋದಾಮು. ಅಲ್ಲಿನ ಇಲಿಗಳು ಶೇಂಗಾ ಬಿಟ್ಟು ಕೀಬೋರ್ಡಿನ ವೈರು ಕಡಿದು ಸಾಕುಬೇಕು ಮಾಡಿದ್ದಕ್ಕೆ ಲಕ್ಕಪ್ಪ ಅಂಗಡಿಯ ಎರಡು ಕಂಪ್ಯೂಟರಿಗೂ ವೈರಿಲ್ಲದ ಕೀಬೋರ್ಡು ತಂದ. ಇಲಿಗಳ ಕಾಟ ತಪ್ಪಿತು, ಹೊಸ ಕಾಟ ಗಂಟುಬಿತ್ತು. ಬೆಳಿಗ್ಗೆ ಚಾಲೂ ಮಾಡಿದರೆ ಕಂಪ್ಯೂಟರಿಗೆ ಕೀಬೋರ್ಡಿನ ಗುರುತೇ ಸಿಗುತ್ತಿರಲಿಲ್ಲ. ಪರದೆ ನೋಡಿ ಯಾರಾದರೂ ಜೋಡಿಸಿಕೊಡಬೇಕು. ದಿನಾ ಬಾಗಿಲಲ್ಲಿ ನಿಂತು ಕಣ್ಣಿದ್ದವರನ್ನು ಕರೆಯುವುದು ಮಹೇಶ್ವರಿಗೆ ಸಾಕಾಗಿತ್ತು. ಮೇಲಾಗಿ, ಅಮಾವಾಸ್ಯೆ ದಾಟಿದರೆ ತಾನು ಬೆಳಿಗ್ಗೆ ಹೊಲಕ್ಕೆ ಹೋಗುವವನು, ಒಬ್ಬಳೇ ಅಂಗಡಿ ನಡೆಸಲಾಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ಲಕ್ಕಪ್ಪ ಹೇಳಿಯೇ ಬಿಟ್ಟಿದ್ದ.

ರಾಣೆಬೆನ್ನೂರಿನಿಂದ ಕಂಪ್ಯೂಟರ್ ರಿಪೇರಿಯ ಚೇತನಕುಮಾರ ಬಂದ. ಕೀಬೋರ್ಡ್ ಜೋಡಿಸಲು ತಾನು ಒಂದೊಂದಾಗಿ ಟೈಪು ಮಾಡುವ ಕಮಾಂಡುಗಳನ್ನೆಲ್ಲ ಎರಡೂ ಕಂಪ್ಯೂಟರಿನಲ್ಲಿ ಒಂದು ಕಡೆ ಸಾಲಾಗಿ ಬರೆದಿಟ್ಟ. ಕಂಪ್ಯೂಟರು ಚಾಲೂ ಆದ ಕೂಡಲೇ ಅವು ತಾವಾಗಿಯೇ ಓಡಿ ಆಯಾ ಕಂಪ್ಯೂಟರಿನ ಕೀಬೋರ್ಡನ್ನಷ್ಟೇ ಹುಡುಕಿ ಜೋಡಿಸಿಕೊಳ್ಳುತ್ತವೆ. ಮರುದಿನ ಯಾರನ್ನೂ ಕರೆಯದೆ, ಪಾಸ್‌ವರ್ಡ್ ಒತ್ತಿದ ಕೂಡಲೇ ಕಿವಿಯಲ್ಲಿ ದನಿ ಬಂದಾಗ ಮಹೇಶ್ವರಿಗೆ ಅಳುವೇ ಬಂತು.

ಅಮಾವಾಸ್ಯೆಯ ದಿನ ಲಕ್ಕಪ್ಪ ಅಂಗಡಿಯ ಸಾಮಾನನ್ನೆಲ್ಲ ಒರೆಸಿ, ಸಾಲಾಗಿ ಇಟ್ಟು, ಕುಂಕುಮ ಹಚ್ಚಿ ಪೂಜೆ ಮಾಡಿದ. ಮರುದಿನ ಅಂಗಡಿಯಲ್ಲಿ ಮಹೇಶ್ವರಿ ಒಬ್ಬಳೇ. ಎದುರಿಗೆ ರೈತ ಸೋಮಪ್ಪ, ಮಧ್ಯಾಹ್ನದೊಳಗೆ ಆತನ ಅರ್ಜಿ ಕಚೇರಿ ಮುಟ್ಟಬೇಕು. ಎರಡೂ ಕಂಪ್ಯೂಟರು ಚಾಲೂ ಮಾಡಿ ಪಾಸ್‌ವರ್ಡ್ ಒತ್ತಿದಳು. ದನಿಯಿಲ್ಲ. ಮತ್ತೆ ಒತ್ತಿದಳು. ಇದ್ದ ಕೆಲಸವೂ ಹೋಯಿತೆಂದುಕೊಂಡಳು.

"ಯವ್ವಾ, ನೀ ಇಲ್ಲಿ ಒತ್ತಿದ್ರ ಆ ಕಡೀ ಟೀವ್ಯಾಗ ಚುಕ್ಕಿ ಬರಾಕತ್ತಾವು," ಎಂದ ಸೋಮಪ್ಪ, ಇನ್ನೊಂದು ಕಂಪ್ಯೂಟರಿನ ಪರದೆ ನೋಡುತ್ತ.

ಪೂಜೆ ಮುಗಿಸಿದ ಪುಣ್ಯಾತ್ಮ ಒಂದು ಕೀಬೋರ್ಡಿನ ಜಾಗದಲ್ಲಿ ಇನ್ನೊಂದನ್ನು ಇಟ್ಟುಹೋಗಿದ್ದ. ಚೇತನಕುಮಾರನ ಕಮಾಂಡುಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದವು. ಮಹೇಶ್ವರಿ ತಡವರಿಸಿಕೊಂಡು ಹೋಗಿ ಕೀಬೋರ್ಡುಗಳನ್ನು ಅದಲು ಬದಲು ಮಾಡಿ ಕೂತು ಮತ್ತೆ ಪಾಸ್‌ವರ್ಡ್ ಒತ್ತಿದಳು. ದನಿ ಬಂತು.

ಲಕ್ಕಪ್ಪ ಹೊಲದಿಂದ ಬರುವಷ್ಟರಲ್ಲಿ ಸೋಮಪ್ಪ ಅರ್ಜಿ ಕೊಟ್ಟು ಊರಿಗೆ ಹೋಗಿದ್ದ. ನಡೆದದ್ದು ಕೇಳಿ ಲಕ್ಕಪ್ಪ ನಾಚಿಕೊಂಡು ನಕ್ಕ. ಬೇರೆಯವರನ್ನು ನೋಡುವ ಮಾತು ಅಲ್ಲಿಗೇ ನಿಂತಿತು.

ಸಂಜೆ ಮಹೇಶ್ವರಿ ಚೇತನಕುಮಾರನಿಗೆ ಫೋನು ಮಾಡಿದಳು. ಈಕೆಯ ದನಿ ಕೇಳಿ ಆತ ಗಾಬರಿಯಾಗಿ, ಮತ್ತೇನು ಕೆಟ್ಟಿತು ಎಂದು ಕೇಳಿದ.

"ಏನೂ ಕೆಟ್ಟಿಲ್ರಿ ಅಣ್ಣಾರ," ಎಂದಳು. "ಇವತ್ತ ಅಂಗಡಿ ನಾ ಒಬ್ಬಾಕೀನ ತಗದೇನಿ. ಅದನ್ನ ಹೇಳಾಕ ಫೋನ್ ಮಾಡೇನ್ರಿ."