ಸರ್ ಹರಿದ ಪ್ರಬಂಧ

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಣೆಬೆನ್ನೂರಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಇಂಗ್ಲಿಷ್ ಸರ್ ಗ್ರೀಕ್ ದುರಂತ ನಾಟಕ ಕಲಿಸುತ್ತಿದ್ದರು. ತಪ್ಪು ಒಪ್ಪಿಕೊಳ್ಳದ ರಾಜನೊಬ್ಬ ಹೇಗೆ ಹಾಳಾಗುತ್ತಾನೆ ಎಂದು ಅವರು ವಿವರಿಸುವಾಗ ಯಾರೂ ಮಿಸುಕಾಡುತ್ತಿರಲಿಲ್ಲ. ಹತ್ತಿರದ ಐರಣಿ ಹಳ್ಳಿಯಿಂದ ಬರುತ್ತಿದ್ದ ನನ್ನ ಗೆಳತಿ ಆ ರಾಜನ ಸೊಕ್ಕು, ಹತಾಶೆಗಳ ಬಗ್ಗೆ ಪ್ರಬಂಧ ಬರೆದಳು.

"ಇಷ್ಟು ಛಲೋ ನೀ ಬರಿಯಾಕ ಸಾಧ್ಯನ ಇಲ್ಲ. ಯಾವ ಪುಸ್ತಕದಾಗಿಂದ ಕದ್ದೀದಿ?" ಎಂದು ಸರ್ ಎಲ್ಲರೆದುರು ಕೇಳಿದರು.

"ನಾನ ಬರದೇನ್ರಿ ಸರ್," ಎಂದಳು. ಅವರು ಹಾಳೆಗಳನ್ನು ಹರಿದುಹಾಕಿದರು.

ಅವಳು ಕದ್ದು ಬರೆದಳೆಂಬ ಸುದ್ದಿ ಐರಣಿ ಮುಟ್ಟಿತು. ಅವಳಪ್ಪ ಕಾಲೇಜು ಬಿಡಿಸಿ, ಆ ಬೇಸಿಗೆಯಲ್ಲೇ ಬ್ಯಾಡಗಿಯ ಹುಡುಗನೊಂದಿಗೆ ಮದುವೆ ನಿಶ್ಚಯಿಸಿದ.

ಆ ಪ್ರಬಂಧವನ್ನು ಅವಳು ಕಾಟು ಹೊಡೆದು, ತಿದ್ದಿ ಬರೆದಿದ್ದ ಕಚ್ಚಾ ನೋಟುಬುಕ್ಕನ್ನು ನಾನು ಸರ್ ಮನೆಗೆ ಒಯ್ದೆ. ನಾಲ್ಕು ಪುಟ ತಿರುವುವಷ್ಟರಲ್ಲಿ ಅವರು "ತಪ್ಪಾತವ್ವಾ," ಎಂದು ಅತ್ತೇಬಿಟ್ಟರು.

"ನನ್ನ ಮುಂದ ಯಾಕ ಅಳ್ತೀರ್ರಿ? ಲಗೂ ಐರಣಿಗೆ ಹೋಗಿ ಅವರಪ್ಪಗ ಖರೇ ಹೇಳ್ರಿ."

"ಇಪ್ಪತ್ತು ವರ್ಷ ಕಲಿಸೇನಿ. ಹುಡುಗಿ ಮನಿ ಬಾಗಲಕ್ಕ ಹೋಗಿ ಹೆಂಗ ನಿಂದರ್ಲಿ?"

ಅವರು ಹೋಗಲಿಲ್ಲ. ಮದುವೆ ಆಗಿಹೋಯಿತು. ಆಮೇಲೆ ಅವರು ಪಾಠವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗತೊಡಗಿದರು. ಒಂದು ದಿನ ಕೆಲಸವನ್ನೇ ಬಿಟ್ಟರು. ಊರು "ಪಾಪ" ಎಂದಿತು. ನನಗೆ ಮಾತ್ರ ಮರುಕ ಬರಲಿಲ್ಲ, ಇಂದಿಗೂ ಬಂದಿಲ್ಲ. ಆ ಮನುಷ್ಯ ಅತ್ತದ್ದು ತನ್ನ ಹೆಸರಿಗಾಗಿ, ಅವಳಿಗಾಗಿ ಅಲ್ಲ.