ಬೆಂಚಿನ ಮೇಲಿಂದ ಎದ್ದ ನಮ್ಮಕ್ಕ

ಹೋದ ವಾರ ನಮ್ಮಕ್ಕ ಸರ್ಕಾರಿ ದವಾಖಾನೆಯಲ್ಲಿ ಜೋರು ಜಗಳ ತೆಗೆದಳು. ನಾನು ಪಕ್ಕದಲ್ಲೇ ನಿಂತು ಖುಷಿಪಟ್ಟೆ. (ತಡೀರಿ, ಕಾರಣ ಹೇಳ್ತೀನಿ.)

ಅಕ್ಕನ ಹೆಸರು ಗುರುಬಾಯಿ. ಅಫಜಲಪುರ ತಾಲ್ಲೂಕಿನ ಹಳ್ಳಿ. ಓಣಿ ತುಂಬ ಕೇಳುವ ಗಂಟಲು. ಹೋದ ವರ್ಷ ಆ ಗಂಟಲು ನಿಂತೇಹೋಯಿತು. ನಿದ್ದೆ ಇಲ್ಲ, ಊಟ ಬೇಡ, ಗೋಡೆ ಕಡೆ ಮುಖ. ಕಲಬುರಗಿಯ ಮನೋರೋಗದ ಡಾಕ್ಟರ ಹತ್ತಿರ ಹೋಗೋಣ ಅಂದರೆ, "ನನಗ ಹುಚ್ಚ ಹಿಡದದಂತ ಊರಿಗೆಲ್ಲ ಡಂಗುರ ಹೊಡೀತಿ ಏನು?" ಅಂದಳು.

ಬಿಪಿ ಗುಳಿಗೆಗೆ ಮಾತ್ರ ಊರ ದವಾಖಾನೆಗೆ ಹೋಗುತ್ತಿದ್ದಳು. ಅಲ್ಲಿನ ಡಾಕ್ಟರು ನಸ್ರೀನ್ ಮೇಡಂ ಒಂದಿನ ಬಿಪಿ ನೋಡುತ್ತಲೇ ಕೇಳಿದರು: "ರಾತ್ರಿ ನಿದ್ದಿ ಬರ್ತದೇನ್ರಿ ಅವ್ವಾ?"

ಅಕ್ಕ ಅತ್ತೇಬಿಟ್ಟಳು.

ಅವತ್ತಿನಿಂದ ಬಿಪಿ ಗುಳಿಗೆ ಜೊತೆ ಮನಸ್ಸಿನ ಗುಳಿಗೆಯೂ ಶುರು. ಮಂಗಳವಾರ ಕೌನ್ಸೆಲರ್ ಜೊತೆ ಮಾತುಕತೆ. ಅದೇ ಬಾಗಿಲು, ಅದೇ ಬೆಂಚು. ಯಾರು ಯಾತಕ್ಕೆ ಬಂದಿದ್ದಾರೆ ಅಂತ ಯಾರಿಗೆ ಗೊತ್ತಾಗಬೇಕು? ಕೆಲವು ತಿಂಗಳಿಗೆ ಅಕ್ಕ ಫೋನ್ ಮಾಡಿ, ರೊಟ್ಟಿ ದಪ್ಪ ಆಗಿದ್ದಕ್ಕೆ ಸೊಸೆಗೆ ಬೈದದ್ದರ ವರದಿ ಒಪ್ಪಿಸಿದಳು. ಹಿಂದಿನಿಂದ ಸೊಸೆಯ ನಗು! ನನಗೂ ಕಣ್ಣು ಒದ್ದೆ.

ಹೋದ ಮಂಗಳವಾರ ಅಕ್ಕನ ಜೊತೆ ನಾನೂ ಹೋದೆ. ಕೌನ್ಸೆಲರ್‌ಗೆ ವರ್ಗ ಆಗಿತ್ತು. ಬದಲಿ ಇಲ್ಲ. "ಇನ್ನ ಮ್ಯಾಲ ಮನಸಿನ ಕಾಯಿಲಿಗೆ ಕಲಬುರಗಿಗೇ ಹೋಗ್ರಿ," ಅಂದರು, ಅವತ್ತು ಭೇಟಿಗೆ ಬಂದಿದ್ದ ಆರೋಗ್ಯ ಇಲಾಖೆಯ ಮೇಲಿನ ಸಾಹೇಬರು.

ಅಕ್ಕ ಎದ್ದಳು.

"ಬಿಪಿ ನೋಡೋರಿಗೆ ವರ್ಗ ಆದ್ರ ಬಿಪಿ ನೋಡೋದು ಬಂದ್ ಮಾಡ್ತೀರೇನ್ರಿ ಸಾಹೇಬ್ರ? ನಾ ಮನಸಿನ ಗುಳಿಗಿ ತಗೊಳಾಕತ್ತೇನಿ. ಅದಕ್ಕ ಇವತ್ತು ನಿಮ್ಮ ಮುಂದ ನಿಂತೇನಿ. ನನ್ನಂಥೋರು ಇಲ್ಲಿ ಮತ್ಯಾರ ಅದಾರ? ಕೈ ಎತ್ರಿ!"

ಎಲ್ಲರೂ ಕೈಯಲ್ಲಿನ ಚೀಟಿ ನೋಡತೊಡಗಿದರು. ಆಮೇಲೆ ಮೂಲೆಯಿಂದ ಅಕ್ಕನ ಓಣಿಯ ಹಮೀದಾಬಿಯ ಕೈ ಮೇಲೆದ್ದಿತು. ಅವಳ ಹಿಂದೆ ರುಮಾಲು ಸುತ್ತಿದ ಒಬ್ಬ ಗೌಡರದು. ಆಮೇಲೆ ಬೆಂಚಿಗೆ ಬೆಂಚೇ! ಒಬ್ಬರನ್ನೊಬ್ಬರು ನೋಡಿ, "ಅಯ್ಯ, ನೀನೂ?" ಅಂತ ನಗಲು ಶುರು.

ಸಾಹೇಬರು ಮೇಡಂ ಜೊತೆ ಒಳಗೆ ಹೋದರು. ಹೊರಬಂದಾಗ ಮೇಡಂ ಮುಖ ಅರಳಿತ್ತು. ಸಾಹೇಬರು ಒಪ್ಪಿದ್ದರು: ಬದಲಿ ಬರುವವರೆಗೆ ಮಂಗಳವಾರ ಮೇಡಂ ಅವರೇ ಕೂತು ಮಾತಾಡಿಸುತ್ತಾರೆ. ಪಕ್ಕದ ತಾಲ್ಲೂಕು ಜೇವರ್ಗಿಯ ಕೌನ್ಸೆಲರ್ ವಾರ ಬಿಟ್ಟು ವಾರ ಬರುತ್ತಾರೆ. ದವಾಖಾನೆಯಲ್ಲಿ ಚಪ್ಪಾಳೆ ಕೇಳಿದ್ದೀರಾ? ನಾನು ಕೇಳಿದೆ.

ಮನೆ ದಾರಿಯಲ್ಲಿ ಅಕ್ಕ ನನ್ನ ಕಡೆ ತಿರುಗಿದಳು. "ತಮ್ಮಾ, ನಿನಗೂ ನಿದ್ದಿಲ್ಲಂತ ನಿನ್ನ ಹೇಂತಿ ಹೇಳ್ಯಾಳ. ನೀ ಯಾಕ ಕೈ ಎತ್ತಲಿಲ್ಲಲೇ?"

ನೀವಾಗಿದ್ದರೆ ಎತ್ತುತ್ತಿದ್ದಿರಾ?